ದಕ್ಷಿಣ ಧ್ರುವಪ್ರಭೆ ನೋಡಲು ಟ್ಯಾಸ್ಮೇನಿಯಾಗೆ ಹೋಗಬೇಕೆ? ಟಿಕೆಟ್ ಮಾಡಿಸುವ ಮೊದಲು ಇದನ್ನು ಓದಿ

ನಿಮ್ಮ ಫೋನಿಗೂ ಈ ಫೋಟೊ ಬಂದಿರಬಹುದು. ಕತ್ತಲೆಯ ಕಡಲತೀರ. ಅದರ ಮೇಲೆ ಕೆಂಪು, ಗುಲಾಬಿ, ಹಸಿರು ಬಣ್ಣದ ಪರದೆ ಇಳಿಬಿಟ್ಟ ಹಾಗೆ ಕಾಣುವ ಆಕಾಶ. ಕೆಳಗೆ ಎರಡು ಸಾಲು: "ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಪ್ರತಿ ರಾತ್ರಿ ಕಾಣುವ ಅದ್ಭುತ. ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕು, ಎಲ್ಲರಿಗೂ ಕಳಿಸಿ."

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಇದು ಬಂದಾಗ ಮೊದಲ ಪ್ರಶ್ನೆ "ಇದು ನಿಜವಾ, ಎಡಿಟ್ ಮಾಡಿದ್ದಾ?" ಎಂಬುದಾಗಿತ್ತು. ಎರಡನೆಯದು ದೊಡ್ಡಮ್ಮನದು. ಮೆಲ್ಬರ್ನ್‌ನಲ್ಲಿರುವ ಮಗನ ಮನೆಗೆ ಹೊರಟಿರುವ ಅವರು ಕೇಳಿದ್ದು: "ಹೇಗೂ ಅಷ್ಟು ದೂರ ಹೋಗ್ತೀವಿ, ಇದನ್ನೂ ನೋಡ್ಕೊಂಡು ಬರಬಹುದಲ್ವಾ?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಂಥ ಫೋಟೊಗಳಲ್ಲಿ ಹೆಚ್ಚಿನವು ನಿಜವಾದ ಆಕಾಶದವೇ. ಆದರೆ ಅದರ ಕೆಳಗಿನ ಸಾಲು ಸುಳ್ಳು. ಪ್ರತಿ ರಾತ್ರಿ ಇದು ಕಾಣುವುದಿಲ್ಲ, ಕಂಡ ರಾತ್ರಿಯಲ್ಲೂ ಬರಿಗಣ್ಣಿಗೆ ಹೀಗೆಯೇ ಕಾಣುವುದು ಅಪರೂಪ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಒಂದು ಕುಟುಂಬದ ವರ್ಷಗಳ ಉಳಿತಾಯ ಮತ್ತು ಅಪರಿಚಿತ ಕರಾವಳಿಯಲ್ಲಿ ರಾತ್ರಿ ಹೊತ್ತಿನ ಸುರಕ್ಷತೆ ಎರಡೂ ಇದರಲ್ಲಿ ಸೇರಿರುವುದರಿಂದ ಆ ಉತ್ತರವನ್ನು ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಧ್ರುವಪ್ರಭೆಯನ್ನು ಬುಕ್ ಮಾಡಲು ಆಗುವುದಿಲ್ಲ. ಕತ್ತಲೆ, ದಕ್ಷಿಣಕ್ಕೆ ತೆರೆದ ದಿಗಂತ ಮತ್ತು ಸಾಕಷ್ಟು ರಾತ್ರಿಗಳು, ಇಷ್ಟನ್ನು ಮಾತ್ರ ನಾವು ಹೊಂದಿಸಿಕೊಳ್ಳಬಹುದು.
• "ಖಂಡಿತ ತೋರಿಸುತ್ತೇವೆ" ಎನ್ನುವ ಪ್ಯಾಕೇಜ್‌ಗಳನ್ನು ನಂಬಬೇಡಿ.
• ಫೋನ್ ಕ್ಯಾಮೆರಾಗೆ ಕಾಣುವ ಬಣ್ಣ ಕಣ್ಣಿಗೆ ಕಾಣದೆ ಇರಬಹುದು. ಅದು ನಿಮ್ಮ ಕಣ್ಣಿನ ದೋಷವಲ್ಲ.
• ಹೆಚ್ಚು ದೂರದ, ಹೆಚ್ಚು ನಿರ್ಜನವಾದ ಜಾಗವೇ ಒಳ್ಳೆಯ ಜಾಗ ಎಂದೇನಿಲ್ಲ.

ಧ್ರುವಪ್ರಭೆ ಎಂದರೇನು?

ಸೂರ್ಯನಿಂದ ಸದಾ ವಿದ್ಯುದಾವೇಶದ ಕಣಗಳು ಹೊರಗೆ ಹರಿಯುತ್ತಿರುತ್ತವೆ. ಇದಕ್ಕೆ ಸೌರಮಾರುತ ಎನ್ನುತ್ತಾರೆ. ಭೂಮಿಯ ಸುತ್ತ ಇರುವ ಕಾಂತಕ್ಷೇತ್ರ ಈ ಕಣಗಳಲ್ಲಿ ಹೆಚ್ಚಿನವನ್ನು ಪಕ್ಕಕ್ಕೆ ಸರಿಸುತ್ತದೆ. ಆದರೆ ಸೌರಮಾರುತ ಜೋರಾದಾಗ ಅದರ ಶಕ್ತಿಯಲ್ಲಿ ಒಂದು ಪಾಲು ಕಾಂತಕ್ಷೇತ್ರದ ಒಳಗೆ ಸೇರುತ್ತದೆ. ಆಗ ಅಲ್ಲಿರುವ ಎಲೆಕ್ಟ್ರಾನುಗಳು ವೇಗ ಪಡೆದು, ಕಾಂತರೇಖೆಗಳ ಗುಂಟ ಧ್ರುವಗಳ ಕಡೆಗೆ ಇಳಿದು, ಮೇಲಿನ ವಾತಾವರಣದ ಆಮ್ಲಜನಕ ಮತ್ತು ಸಾರಜನಕಕ್ಕೆ ಬಡಿಯುತ್ತವೆ. ಬಡಿಸಿಕೊಂಡ ಅಣು, ಪರಮಾಣುಗಳು ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ. ಟ್ಯೂಬ್‌ಲೈಟಿನ ಒಳಗಿನ ಅನಿಲಕ್ಕೆ ವಿದ್ಯುತ್ ಹರಿದಾಗಲೂ ಸುಮಾರಾಗಿ ಹೀಗೆಯೇ ಆಗುವುದು.

ಉತ್ತರದಲ್ಲಿ ಇದರ ಹೆಸರು ಅರೋರಾ ಬೋರಿಯಾಲಿಸ್, ದಕ್ಷಿಣದಲ್ಲಿ ಅರೋರಾ ಆಸ್ಟ್ರೇಲಿಸ್. ಎರಡೂ ಒಂದೇ ವಿದ್ಯಮಾನ. ಉತ್ತರದ್ದು ಹೆಚ್ಚು ಪ್ರಸಿದ್ಧವಾಗಲು ಕಾರಣ ಸರಳ. ನಾರ್ವೆ, ಐಸ್‌ಲ್ಯಾಂಡ್, ಕೆನಡಾದಲ್ಲಿ ಅದರ ಕೆಳಗೇ ಊರುಗಳಿವೆ. ದಕ್ಷಿಣದಲ್ಲಿ ಅದರ ಕೆಳಗೆ ಇರುವುದು ಅಂಟಾರ್ಕ್ಟಿಕಾ ಮತ್ತು ಸಮುದ್ರ.

ಬಣ್ಣಕ್ಕೂ ಎತ್ತರಕ್ಕೂ ಸಂಬಂಧವಿದೆ. ನೆಲದಿಂದ ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹಸಿರು ಬೆಳಕು ಕೊಡುತ್ತದೆ. 200 ಕಿ.ಮೀ.ಗಿಂತ ಮೇಲೆ ಅದೇ ಆಮ್ಲಜನಕ ಕೆಂಪು ಬೆಳಕು ಕೊಡುತ್ತದೆ. ಈ ಕೆಂಪು ಬೆಳಕು ಹೊಮ್ಮಲು ಒಂದು ಪರಮಾಣುವಿಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಕೆಳಗೆ ಗಾಳಿ ದಟ್ಟವಾಗಿರುವುದರಿಂದ ಅಷ್ಟರೊಳಗೆ ಬೇರೆ ಕಣ ಬಂದು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಅದಕ್ಕೇ ಕೆಂಪು ಮೇಲೆ, ಹಸಿರು ಕೆಳಗೆ. ಸಾರಜನಕದಿಂದ ನೀಲಿ, ನೇರಳೆ, ಗುಲಾಬಿ ಛಾಯೆಗಳು ಬರುತ್ತವೆ.

ಟ್ಯಾಸ್ಮೇನಿಯಾವೇ ಯಾಕೆ?

"ದಕ್ಷಿಣಕ್ಕೆ ಹೋದಷ್ಟೂ ಚೆನ್ನಾಗಿ ಕಾಣುತ್ತದೆ" ಎಂಬುದು ಅರ್ಧ ಸತ್ಯ. ಭೂಪಟ ತೆಗೆದು ನೋಡಿ. ಅರ್ಜೆಂಟೀನಾದ ಉಶುವಾಯಿಯಾ ಪಟ್ಟಣ ಸುಮಾರು 55 ಡಿಗ್ರಿ ದಕ್ಷಿಣದಲ್ಲಿದೆ. ಟ್ಯಾಸ್ಮೇನಿಯಾದ ರಾಜಧಾನಿ ಹೋಬಾರ್ಟ್ ಇರುವುದು ಸುಮಾರು 43 ಡಿಗ್ರಿಯಲ್ಲಿ. ಆದರೂ ಧ್ರುವಪ್ರಭೆ ಕಾಣುವ ಸಾಧ್ಯತೆ ಹೋಬಾರ್ಟ್‌ನಲ್ಲೇ ಹೆಚ್ಚು.

ಕಾರಣ ಇಷ್ಟೇ: ಧ್ರುವಪ್ರಭೆ ಸುತ್ತುವುದು ಭೂಪಟದ ಧ್ರುವವನ್ನಲ್ಲ, ಕಾಂತ ಧ್ರುವವನ್ನು. ದಕ್ಷಿಣದ ಕಾಂತ ಧ್ರುವ ಭೂಪಟದ ಧ್ರುವದಿಂದ ಆಸ್ಟ್ರೇಲಿಯಾದ ಕಡೆಗೆ ಸರಿದಿದೆ. ಹಾಗಾಗಿ ಅದರ ಸುತ್ತಲಿನ ಬೆಳಕಿನ ಉಂಗುರವೂ ಟ್ಯಾಸ್ಮೇನಿಯಾ ಮತ್ತು ನ್ಯೂಜಿಲೆಂಡ್‌ನ ದಕ್ಷಿಣ ತುದಿಗೆ ಹತ್ತಿರ, ದಕ್ಷಿಣ ಅಮೆರಿಕಕ್ಕೆ ದೂರ.

ಹತ್ತಿರ ಎಂದರೂ ತಲೆಯ ಮೇಲೆ ಅಲ್ಲ. ಸಾಮಾನ್ಯ ದಿನಗಳಲ್ಲಿ ಆ ಉಂಗುರ ಟ್ಯಾಸ್ಮೇನಿಯಾದಿಂದ ಬಹಳ ದಕ್ಷಿಣಕ್ಕೆ, ಸಮುದ್ರದ ಮೇಲಿರುತ್ತದೆ. ಭೂಮಿ ದುಂಡಗಿರುವುದರಿಂದ ದೂರದ ಬೆಳಕಿನ ಕೆಳಭಾಗ ದಿಗಂತದ ಹಿಂದೆ ಮರೆಯಾಗುತ್ತದೆ. 110 ಕಿ.ಮೀ. ಎತ್ತರದ ಹಸಿರು ಬೆಳಕು ದಿಗಂತದ ಮೇಲೆ ಕಾಣಬೇಕಾದರೆ ಅದು ನಿಮ್ಮಿಂದ ಸುಮಾರು 1,200 ಕಿ.ಮೀ. ಒಳಗಿರಬೇಕು. 250 ಕಿ.ಮೀ. ಎತ್ತರದ ಕೆಂಪು ಬೆಳಕಾದರೆ ಸುಮಾರು 1,800 ಕಿ.ಮೀ. ದೂರದಿಂದಲೂ ಕಾಣಬಲ್ಲದು. ಟ್ಯಾಸ್ಮೇನಿಯಾದ ಫೋಟೊಗಳಲ್ಲಿ ಕೆಂಪು, ಗುಲಾಬಿ ಹೆಚ್ಚು ಇರುವುದಕ್ಕೆ, ಹಸಿರು ಕೆಳಗೆ ತೆಳು ಪಟ್ಟಿಯಂತೆ ಇರುವುದಕ್ಕೆ ಇದೇ ಕಾರಣ. ದಕ್ಷಿಣಕ್ಕೆ ಬೆಟ್ಟ, ಮರ, ಊರಿನ ದೀಪ ಯಾವುದೂ ಅಡ್ಡ ಇಲ್ಲದ ಜಾಗ ಬೇಕು ಎನ್ನುವುದೂ ಇದಕ್ಕೇ.

ಫೋಟೊದಲ್ಲಿ ಇರುವುದು ಕಣ್ಣಿಗೆ ಯಾಕೆ ಕಾಣುವುದಿಲ್ಲ?

ಅಷ್ಟು ದೂರ ಹೋಗಿ ನಿರಾಶರಾಗಿ ಬರುವವರಲ್ಲಿ ಅನೇಕರು ಸೋಲುವುದು ಈ ಒಂದು ಅಂಶದಲ್ಲಿ.

ನಮ್ಮ ಕಣ್ಣಿನ ಹಿಂಭಾಗದಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಶಂಕುವಿನ ಆಕಾರದವು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಹೆಚ್ಚು ಬೆಳಕು ಬೇಕು. ದಂಡದ ಆಕಾರದವು ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಅವಕ್ಕೆ ಬಣ್ಣ ತಿಳಿಯುವುದಿಲ್ಲ. ಬೆಳದಿಂಗಳಲ್ಲಿ ಕೆಂಪು ಸೀರೆಯೂ ಕಪ್ಪಾಗಿ ಕಾಣುವುದನ್ನು ನೆನಪಿಸಿಕೊಳ್ಳಿ. ಧ್ರುವಪ್ರಭೆ ಮಂದವಾಗಿದ್ದರೆ ಕಣ್ಣಿಗೆ ಕಾಣುವುದು ದಿಗಂತದ ಮೇಲೆ ಬಿಳಿಚಿದ ಬೂದು ಬೆಳಕು, ಅದರಲ್ಲಿ ನಿಧಾನವಾಗಿ ಎದ್ದು ಸರಿದು ಹೋಗುವ ಉದ್ದ ಗೆರೆಗಳು. ಎಷ್ಟೋ ಜನ ಅದನ್ನು ಮೋಡ ಎಂದುಕೊಂಡು ಮನೆಗೆ ಹಿಂತಿರುಗುತ್ತಾರೆ.

ಕ್ಯಾಮೆರಾ ಹಾಗಲ್ಲ. 10 ಸೆಕೆಂಡು ಕಣ್ಣು ತೆರೆದು ಬೆಳಕನ್ನು ಕೂಡಿಸಿಕೊಳ್ಳುತ್ತಾ ಕೂರುತ್ತದೆ. ನಮ್ಮ ಕಣ್ಣು ಹಾಗೆ ಕೂಡಿಸಿಕೊಳ್ಳಲಾರದು. ಹಾಗಾಗಿ ಒಂದೇ ರಾತ್ರಿ, ಒಂದೇ ಜಾಗದಲ್ಲಿ ನಿಂತವನ ಫೋನಿನಲ್ಲಿ ಕೆಂಪು ಆಕಾಶ, ಅವನ ಕಣ್ಣಲ್ಲಿ ಬೂದು ಆಕಾಶ. ಎರಡೂ ಸುಳ್ಳಲ್ಲ.

ಬಿರುಗಾಳಿ ಜೋರಾದ ರಾತ್ರಿ ಕಣ್ಣಿಗೂ ಬಣ್ಣ ಕಾಣುತ್ತದೆ. 2024ರ ಮೇ 10 ಮತ್ತು 11ರ ರಾತ್ರಿ ಭೂಮಿಗೆ ಬಡಿದ ಸೌರ ಬಿರುಗಾಳಿ ಅಳತೆಯ ಕೊನೆಯ ಹಂತವಾದ ಜಿ5 ಮುಟ್ಟಿತ್ತು. 2003ರ ನಂತರ ಅಷ್ಟು ದೊಡ್ಡದು ಬಂದಿರಲಿಲ್ಲ. ಅವತ್ತು ಟ್ಯಾಸ್ಮೇನಿಯಾ ಮಾತ್ರವಲ್ಲ, ಆಸ್ಟ್ರೇಲಿಯಾದ ಉತ್ತರದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಪ್ರಭೆ ಕಂಡಿತು. ಈಗ ತಿರುಗುತ್ತಿರುವ ಫೋಟೊಗಳಲ್ಲಿ ಎಷ್ಟೋ ಆ ಒಂದು ರಾತ್ರಿಯವು. ಇಪ್ಪತ್ತು ವರ್ಷಕ್ಕೊಮ್ಮೆ ಬಂದ ರಾತ್ರಿಯನ್ನು "ಪ್ರತಿ ರಾತ್ರಿ" ಎಂದು ಹಂಚುವುದರಲ್ಲೇ ತೊಂದರೆ ಇರುವುದು.

ಯಾವಾಗ ಹೋಗಬೇಕು?

ಚಳಿಗೂ ಧ್ರುವಪ್ರಭೆಗೂ ಸಂಬಂಧವಿಲ್ಲ. ಚಳಿಗಾಲದಲ್ಲಿ ಹೆಚ್ಚು ಕಾಣುವುದಕ್ಕೆ ಕಾರಣ ಉದ್ದನೆಯ ರಾತ್ರಿ. ದಕ್ಷಿಣ ಗೋಳಾರ್ಧದಲ್ಲಿ ಋತುಗಳು ತಿರುಗುಮುರುಗು ಎಂಬುದು ನೆನಪಿರಲಿ. ಜೂನ್‌ನಲ್ಲಿ ಹೋಬಾರ್ಟ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಹುಟ್ಟುವುದು ಬೆಳಗ್ಗೆ ಏಳೂವರೆಯ ನಂತರ. ಡಿಸೆಂಬರ್‌ನಲ್ಲಿ ಮುಳುಗುವುದೇ ಒಂಬತ್ತರ ಹತ್ತಿರ, ಪೂರ್ತಿ ಕತ್ತಲಾಗುವಾಗ ಹನ್ನೊಂದು.

ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವ ಕಾಲದ ಆಸುಪಾಸಿನಲ್ಲಿ ಭೂಮಿಯ ಕಾಂತಕ್ಷೇತ್ರ ಸೌರಮಾರುತದ ಕಾಂತಕ್ಷೇತ್ರದ ಜೊತೆ ಸುಲಭವಾಗಿ ಬೆಸೆದುಕೊಳ್ಳುವ ಕೋನದಲ್ಲಿರುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಬಿರುಗಾಳಿಗಳ ಸರಾಸರಿ ಸ್ವಲ್ಪ ಹೆಚ್ಚು. ಒಟ್ಟಾರೆ ಮಾರ್ಚ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ನಮ್ಮ ಮಕ್ಕಳ ಏಪ್ರಿಲ್, ಮೇ ಬೇಸಿಗೆ ರಜೆ ಇದರೊಳಗೆ ಚೆನ್ನಾಗಿ ಕೂರುತ್ತದೆ. ಕ್ರಿಸ್‌ಮಸ್ ರಜೆ ಕೂರುವುದಿಲ್ಲ. ಡಿಸೆಂಬರ್‌ನಲ್ಲಿ ಊರು ಸುತ್ತಲು ಟ್ಯಾಸ್ಮೇನಿಯಾ ಚೆಂದ, ಧ್ರುವಪ್ರಭೆಗಲ್ಲ.

ಇನ್ನೊಂದು ಲೆಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲೇ ಇದೆ. ಹುಣ್ಣಿಮೆಯ ಬೆಳಕು ಮಂದ ಪ್ರಭೆಯನ್ನು ನುಂಗಿಹಾಕುತ್ತದೆ. ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನ ಸೇರುವಂತೆ ಪ್ರವಾಸ ಇಟ್ಟುಕೊಳ್ಳಿ.

ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನ ಆವರ್ತ ಗರಿಷ್ಠ ಹಂತ ತಲುಪಿದೆ ಎಂದು ನಾಸಾ ಮತ್ತು ಅಮೆರಿಕದ ಹವಾಮಾನ ಸಂಸ್ಥೆ ನೋವಾ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದವು. "ಈಗ ಹೋಗದಿದ್ದರೆ ಮತ್ತೆ 11 ವರ್ಷ ಇಲ್ಲ" ಎಂಬ ಜಾಹೀರಾತು ಹುಟ್ಟಿದ್ದು ಇಲ್ಲಿಂದ. ಅದು ಅತಿಶಯ. ಇಳಿಕೆಯ ವರ್ಷಗಳಲ್ಲೂ ಬಿರುಗಾಳಿಗಳು ಬರುತ್ತವೆ. ಸೂರ್ಯನ ಹೊರಪದರದಲ್ಲಿ ಕರೋನಾ ರಂಧ್ರಗಳೆಂಬ ಭಾಗಗಳಿಂದ ವೇಗದ ಸೌರಮಾರುತ ಹೊಮ್ಮುತ್ತಿರುತ್ತದೆ. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು. ಒಂದು ರಂಧ್ರ ಈ ತಿಂಗಳು ಪ್ರಭೆ ತಂದಿದ್ದರೆ, ಅದು ಹಾಗೇ ಉಳಿದಿದ್ದರೆ, 27 ದಿನಗಳ ನಂತರ ಮತ್ತೆ ನಮ್ಮತ್ತ ಮುಖ ಮಾಡುತ್ತದೆ. ತಿಂಗಳ ಮೊದಲೇ ಸಿಗುವ ಸುಳಿವು ಹೆಚ್ಚುಕಡಿಮೆ ಇದೊಂದೇ.

ಮುನ್ಸೂಚನೆಯನ್ನು ಎಷ್ಟು ನಂಬಬೇಕು?

ಸೂರ್ಯನಿಂದ ದೊಡ್ಡ ಸ್ಫೋಟದ ಮೋಡ ಹೊರಟರೆ ಅದು ಭೂಮಿ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಹೊರಟದ್ದು ಗೊತ್ತಾಗುತ್ತದೆ. ಅದು ನಮಗೆ ಸರಿಯಾಗಿ ತಾಕುತ್ತದೆಯೇ, ಅದರೊಳಗಿನ ಕಾಂತಕ್ಷೇತ್ರ ಯಾವ ದಿಕ್ಕಿಗಿದೆ ಎಂಬುದು ಮಾತ್ರ ಹತ್ತಿರ ಬರುವವರೆಗೆ ಖಚಿತವಾಗುವುದಿಲ್ಲ. ಆ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಬಾಗಿಲು ತೆರೆಯುತ್ತದೆ, ಉತ್ತರಕ್ಕೆ ತಿರುಗಿದ್ದರೆ ದೊಡ್ಡ ಬಿರುಗಾಳಿಯೂ ಸದ್ದಿಲ್ಲದೆ ಹಾದುಹೋಗಬಹುದು.

ಇದನ್ನು ಅಳೆಯುವ ಉಪಗ್ರಹಗಳು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಲ್ಲಿವೆ. ಇಸ್ರೋದ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಇದೆ. ಸೂರ್ಯನ ಕರೋನಾವನ್ನು ಗಮನಿಸುವ ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಎಲ್1ರಲ್ಲಿ ಅಳೆದ ಸೌರಮಾರುತ ಭೂಮಿಗೆ ಬರಲು 15 ನಿಮಿಷದಿಂದ ಒಂದು ಗಂಟೆ. ಅಂದರೆ ನಂಬಬಹುದಾದ ಎಚ್ಚರಿಕೆ ಸಿಗುವುದು ಸುಮಾರು ಅಷ್ಟೇ ಹೊತ್ತು ಮುಂಚೆ. ಮೂರು ತಿಂಗಳ ಮೊದಲು "ಈ ದಿನಾಂಕದಂದು ಪ್ರಭೆ ಕಾಣುತ್ತದೆ" ಎನ್ನುವವರು ಯಾರೇ ಆಗಿರಲಿ, ಅವರ ಬಳಿ ಅದಕ್ಕೆ ಆಧಾರವಿಲ್ಲ.

ಆ್ಯಪ್‌ಗಳಲ್ಲಿ ಕಾಣುವ ಕೆಪಿ ಎಂಬ ಸಂಖ್ಯೆ 0ಯಿಂದ 9ರವರೆಗೆ ಇರುತ್ತದೆ. ಅದು ಮೂರು ಗಂಟೆಗೆ ಒಂದರಂತೆ, ಇಡೀ ಭೂಮಿಗೆ ಕೊಡುವ ಲೆಕ್ಕ. ದಕ್ಷಿಣ ಟ್ಯಾಸ್ಮೇನಿಯಾದ ಕತ್ತಲೆಯ ತೀರದಲ್ಲಿ ಸಾಮಾನ್ಯವಾಗಿ ಕೆಪಿ 5ರ ಹೊತ್ತಿಗೆ ಕ್ಯಾಮೆರಾಗೆ ಪ್ರಭೆ ಸಿಗುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣಲು 6, 7 ಅಥವಾ ಹೆಚ್ಚು ಬೇಕು. ಆದರೆ ಕೆಪಿ 7 ಇದ್ದು ಮೋಡ ಮುಚ್ಚಿದ್ದರೆ ಏನೂ ಇಲ್ಲ. ಕೆಪಿ 4 ಇದ್ದಾಗಲೂ ಹತ್ತು ನಿಮಿಷ ಬೆಳಕು ಚಿಮ್ಮಿ ಹೋಗಬಹುದು.

ಹೊತ್ತಿನ ವಿಷಯದಲ್ಲೂ ಎಚ್ಚರ. ಮುನ್ಸೂಚನೆಗಳು ಬಹುಮಟ್ಟಿಗೆ ಅಂತರರಾಷ್ಟ್ರೀಯ ಸಮಯದಲ್ಲಿ, ಅಂದರೆ ಯುಟಿಸಿಯಲ್ಲಿ ಇರುತ್ತವೆ. ಅಲ್ಲಿ ಮಧ್ಯಾಹ್ನ 12 ಎಂದಿದ್ದರೆ ನಮ್ಮಲ್ಲಿ ಸಂಜೆ 5.30, ಹೋಬಾರ್ಟ್‌ನಲ್ಲಿ ರಾತ್ರಿ 10. ಅಕ್ಟೋಬರ್‌ನಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಇನ್ನೊಂದು ಗಂಟೆ ಮುಂದಿರುತ್ತದೆ. ನೋಡಬೇಕಾದ ಮೂಲಗಳು ಎರಡು ಸಾಕು: ಆಸ್ಟ್ರೇಲಿಯಾದ ಬ್ಯೂರೋ ಆಫ್ ಮೀಟಿಯೊರಾಲಜಿಯ ಬಾಹ್ಯಾಕಾಶ ಹವಾಮಾನ ವಿಭಾಗ ಮತ್ತು ಅಮೆರಿಕದ ನೋವಾ ಸಂಸ್ಥೆ. ಎರಡೂ ಉಚಿತ. ಮೋಡದ ಸ್ಥಿತಿಗೆ ಬ್ಯೂರೋದ ಉಪಗ್ರಹ ಚಿತ್ರಗಳೇ ಸಾಕು.

ಎಲ್ಲಿ ನಿಂತು ನೋಡಬೇಕು?

ಟ್ಯಾಸ್ಮೇನಿಯಾದ ಕಾಕಲ್ ಕ್ರೀಕ್ ಎಂಬ ಜಾಗದ ಹೆಸರು ಫಾರ್ವರ್ಡ್‌ಗಳಲ್ಲಿ ಬರುತ್ತಿರುತ್ತದೆ. ಆಸ್ಟ್ರೇಲಿಯಾದಲ್ಲಿ ಕಾರಿನಲ್ಲಿ ಹೋಗಬಹುದಾದ ಅತಿ ದಕ್ಷಿಣದ ಜಾಗ ಅದು. ಹೋಬಾರ್ಟ್‌ನಿಂದ ಎರಡು ಗಂಟೆಗೂ ಹೆಚ್ಚಿನ ದಾರಿ, ಕೊನೆಯ ಭಾಗ ಜಲ್ಲಿ ರಸ್ತೆ. ಆದರೆ ಅಲ್ಲಿರುವ ಕೊಲ್ಲಿ ನೇರ ದಕ್ಷಿಣಕ್ಕೆ ತೆರೆದಿಲ್ಲ. ದಕ್ಷಿಣ ಸಾಗರಕ್ಕೆ ಮುಖ ಮಾಡಿದ ಸೌತ್ ಕೇಪ್ ಬೇಗೆ ಅಲ್ಲಿಂದ ನಡೆದೇ ಹೋಗಬೇಕು, ಹೋಗಿ ಬರಲು ನಾಲ್ಕು ಗಂಟೆ ಹಿಡಿಯುತ್ತದೆ. ಹಗಲಿನಲ್ಲಿ ಸೊಗಸಾದ ನಡಿಗೆ. ರಾತ್ರಿ, ಅಭ್ಯಾಸವಿಲ್ಲದವರು, ಮಕ್ಕಳನ್ನು ಕಟ್ಟಿಕೊಂಡು ಹೋಗುವ ಜಾಗವಲ್ಲ. ಫೋನಿನ ಸಿಗ್ನಲ್ ಅನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಹೋಬಾರ್ಟ್‌ನಿಂದ ಮುಕ್ಕಾಲು ಗಂಟೆಯ ಒಳಗೆ ತಲುಪಬಹುದಾದ ಸೌತ್ ಆರ್ಮ್ ಪರ್ಯಾಯ ದ್ವೀಪದಲ್ಲಿ ಕ್ಲಿಫ್ಟನ್ ಬೀಚ್, ಹೋಪ್ ಬೀಚ್ ಮುಂತಾದ ದಕ್ಷಿಣಕ್ಕೆ ತೆರೆದ ತೀರಗಳಿವೆ. ಮೊದಲ ಬಾರಿ ಹೋಗುವವರಿಗೆ ಇವೇ ಸರಿ. ಮೋಡ ಬಂದರೆ ಅರ್ಧ ರಾತ್ರಿಯಲ್ಲಿ ಕೋಣೆಗೆ ಮರಳಬಹುದು, ಮೋಡ ಸರಿದರೆ ಮತ್ತೆ ಹೋಗಬಹುದು.

ಇನ್ನೂ ಕತ್ತಲೆ ಬೇಕೆಂದರೆ ಬ್ರೂನಿ ದ್ವೀಪ. ಕೆಟರಿಂಗ್ ಎಂಬ ಊರಿನಿಂದ ಕಾರನ್ನೂ ಹೊತ್ತು ಹೋಗುವ ದೋಣಿ ಇದೆ. ದ್ವೀಪದ ದಕ್ಷಿಣದ ಕ್ಲೌಡಿ ಬೇ ನೇರವಾಗಿ ಸಾಗರಕ್ಕೆ ತೆರೆದಿದೆ. ಹೆಸರೇ ಮೋಡದ ಕೊಲ್ಲಿ ಎಂಬುದನ್ನು ಗಮನಿಸಿ! ರಾತ್ರಿಯಿಡೀ ದೋಣಿ ಇರುವುದಿಲ್ಲ, ಹಾಗಾಗಿ ದ್ವೀಪದಲ್ಲೇ ತಂಗುವ ವ್ಯವಸ್ಥೆ ಮಾಡಿಕೊಳ್ಳಬೇಕು.

ಹೋಬಾರ್ಟ್‌ನ ಬೆನ್ನಿಗಿರುವ 1,271 ಮೀಟರ್ ಎತ್ತರದ ಕುನಾನ್ಯಿ, ಅಂದರೆ ಮೌಂಟ್ ವೆಲ್ಲಿಂಗ್ಟನ್ ಕೂಡ ಹೆಸರಾದ ಜಾಗ. ಆದರೆ ಹಿಮ, ಮಂಜುಗಡ್ಡೆ ಬಿದ್ದಾಗ ಅದರ ರಸ್ತೆ ಮುಚ್ಚುತ್ತಾರೆ, ಮೇಲಿನ ಗಾಳಿಯೂ ವಿಪರೀತ.

ಐದು ರಾತ್ರಿಗಳ ಲೆಕ್ಕ

ಒಂದು ರಾತ್ರಿಗೆ ಹೋದರೆ ಲಾಟರಿ. ಐದು ರಾತ್ರಿ ಇದ್ದರೆ ಅವಕಾಶ ಹೆಚ್ಚುತ್ತದೆ, ಆದರೂ ಖಾತ್ರಿ ಇಲ್ಲ. ಹೀಗೆ ಯೋಜಿಸಬಹುದು:

1. ಬೆಂಗಳೂರಿನಿಂದ ಮೆಲ್ಬರ್ನ್ ಅಥವಾ ಸಿಡ್ನಿ, ಅಲ್ಲಿಂದ ಹೋಬಾರ್ಟ್‌ಗೆ ವಿಮಾನ. ಧ್ರುವಪ್ರಭೆಗಾಗಿಯೇ ಬೆಂಗಳೂರಿನಿಂದ ಹೊರಡುವುದಕ್ಕಿಂತ, ಮಕ್ಕಳನ್ನೋ ನೆಂಟರನ್ನೋ ನೋಡಲು ಹೋದಾಗ ಇದನ್ನು ಸೇರಿಸಿಕೊಳ್ಳುವುದು ಜಾಣತನ. ಮೆಲ್ಬರ್ನ್‌ನಲ್ಲಿರುವ ಕನ್ನಡಿಗರಿಗೆ ಕಾರಿನ ಸಮೇತ ಹಡಗಿನಲ್ಲಿ ಹೋಗುವ ದಾರಿಯೂ ಇದೆ. ಹಡಗು ಹೊರಡುವುದು ಜೀಲಾಂಗ್‌ನಿಂದ.
2. ಮೂರು ರಾತ್ರಿ ಹೋಬಾರ್ಟ್‌ನಲ್ಲಿ, ಎರಡು ರಾತ್ರಿ ಬ್ರೂನಿಯಲ್ಲಿ. ರದ್ದು ಮಾಡಿದರೆ ಹಣ ಮರಳುವ ಕೋಣೆಗಳನ್ನೇ ಆರಿಸಿ. ದಕ್ಷಿಣದಲ್ಲಿ ಮೋಡವಿದ್ದರೆ ಪೂರ್ವ ಕರಾವಳಿ ತಿಳಿಯಾಗಿರಬಹುದು. ಮಳೆ ತರುವ ಪಶ್ಚಿಮದ ಗಾಳಿಗೆ ಬೆಟ್ಟಗಳು ಅಡ್ಡ ನಿಲ್ಲುವುದರಿಂದ ಆ ಕಡೆ ಒಣ ಹವೆ.
3. ಹಗಲಿನಲ್ಲೇ ಜಾಗಕ್ಕೆ ಹೋಗಿ ನೋಡಿ ಬನ್ನಿ. ಫೋನಿನ ದಿಕ್ಸೂಚಿಯಲ್ಲಿ ದಕ್ಷಿಣ ಯಾವುದು, ಕಾರು ಎಲ್ಲಿ ನಿಲ್ಲಿಸುವುದು, ಅಲೆ ಎಲ್ಲಿಯವರೆಗೆ ಬರುತ್ತದೆ ಎಂಬುದು ಬೆಳಕಿನಲ್ಲೇ ತಿಳಿದಿರಬೇಕು.
4. ಪ್ರಭೆ ಕಾಣದಿದ್ದರೂ ಪ್ರವಾಸ ವ್ಯರ್ಥವಾಗದಂತೆ ಹಗಲನ್ನು ತುಂಬಿಸಿಕೊಳ್ಳಿ. ವಿಶ್ವ ಪರಂಪರೆಯ ತಾಣವಾದ ಪೋರ್ಟ್ ಆರ್ಥರ್ ಕೈದಿಗಳ ವಸಾಹತು, ಶನಿವಾರದ ಸಲಮಾಂಕಾ ಸಂತೆ, ಬ್ರೂನಿಯ ಪುಟ್ಟ ಪೆಂಗ್ವಿನ್‌ಗಳು ಎಲ್ಲವೂ ಇವೆ.
5. ಹಣ್ಣು, ತರಕಾರಿ, ಹಸಿ ಕರಿಬೇವು ಬ್ಯಾಗಿನಲ್ಲಿ ಬೇಡ. ಆಸ್ಟ್ರೇಲಿಯಾದ ಒಳಗಿನಿಂದಲೇ ಹೋದರೂ ಟ್ಯಾಸ್ಮೇನಿಯಾದಲ್ಲಿ ಹಣ್ಣು ತರಕಾರಿಗೆ ಪ್ರತ್ಯೇಕ ತಪಾಸಣೆ ಇದೆ. ಮನೆಯ ತಿಂಡಿ ಇದ್ದರೆ ಮುಚ್ಚಿಡದೆ ಘೋಷಿಸಿ.

ಆಕಾಶಕ್ಕಿಂತ ನೆಲದ ಮೇಲೆ ಗಮನ

ಧ್ರುವಪ್ರಭೆಯಿಂದ ಯಾರಿಗೂ ಅಪಾಯವಿಲ್ಲ. ಅದನ್ನು ನೋಡಲು ಹೋಗುವ ದಾರಿಯಲ್ಲಿದೆ.

ಟ್ಯಾಸ್ಮೇನಿಯಾದಲ್ಲಿ ಸಂಜೆಯಿಂದ ಬೆಳಗಿನವರೆಗೆ ವಾಲಬಿ, ವಾಂಬ್ಯಾಟ್, ಪೊಸಮ್ ಮುಂತಾದ ಪ್ರಾಣಿಗಳು ರಸ್ತೆಗೆ ಬರುತ್ತವೆ. ಕಾರಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಅಲ್ಲಿ ಬಹಳ. ಕತ್ತಲಾದ ಮೇಲೆ ವೇಗ ಇಳಿಸಿ. ಪ್ರಾಣಿ ಅಡ್ಡ ಬಂದರೆ ಸ್ಟೀರಿಂಗ್ ಎಳೆಯುವುದಕ್ಕಿಂತ ನೇರವಾಗಿ ಬ್ರೇಕ್ ಹಾಕುವುದು ಸುರಕ್ಷಿತ. ಬಾಡಿಗೆ ಕಾರಿನ ಒಪ್ಪಂದದಲ್ಲಿ ಜಲ್ಲಿ ರಸ್ತೆ, ರಾತ್ರಿ ಚಾಲನೆ, ಪ್ರಾಣಿಗೆ ಡಿಕ್ಕಿ ಇವಕ್ಕೆ ವಿಮೆ ಇದೆಯೇ ಎಂದು ಓದಿ ಸಹಿ ಹಾಕಿ. ಅಲ್ಲೂ ನಮ್ಮಂತೆ ಎಡಬದಿಯ ಚಾಲನೆ ಎಂಬುದೊಂದು ಅನುಕೂಲ.

ಬಂಡೆಗಳ ಮೇಲೆ ನಿಲ್ಲಬೇಡಿ. ಸಮುದ್ರ ಶಾಂತವಾಗಿದ್ದಂತೆ ಕಂಡರೂ ಒಮ್ಮೆಲೆ ದೊಡ್ಡ ಅಲೆ ಬರುತ್ತದೆ, ಕತ್ತಲಲ್ಲಿ ಅದು ಕಾಣುವುದಿಲ್ಲ. ಫೋಟೊ ಚೆನ್ನಾಗಿ ಬರಲೆಂದು ನೀರಿಗಿಳಿಯುವುದಂತೂ ಬೇಡವೇ ಬೇಡ. ಚಳಿಗಾಲದ ರಾತ್ರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಗಾಳಿ ಸೇರಿದರೆ ಇನ್ನೂ ಕೊರೆಯುತ್ತದೆ. ಬೆಂಗಳೂರಿನ ಸ್ವೆಟರ್ ಒಂದೇ ಸಾಲದು. ಟೊಪ್ಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ. ವಯಸ್ಸಾದವರಿದ್ದರೆ ಕಾರಿನೊಳಗೆ ಕೂತೇ ನೋಡಬಹುದಾದ ಜಾಗ ಹುಡುಕಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿ ಹೋಗಿ. ಅಲ್ಲಿಯ ತುರ್ತು ಸಂಖ್ಯೆ 000.

ಫೋನಿನಲ್ಲಿ ಫೋಟೊ ತೆಗೆಯುವುದು ಹೇಗೆ?

ಫೋನನ್ನು ಟ್ರೈಪಾಡ್ ಮೇಲಿಡಿ ಅಥವಾ ಯಾವುದಕ್ಕಾದರೂ ಒರಗಿಸಿ, ನೈಟ್ ಮೋಡ್ ಹಾಕಿ, 3ರಿಂದ 10 ಸೆಕೆಂಡು ಕೊಡಿ. ಪ್ರೋ ಮೋಡ್ ಇದ್ದರೆ ಐಎಸ್‌ಒ 1600ರಿಂದ 3200, ಫೋಕಸ್ ಅತಿ ದೂರಕ್ಕೆ. ಫ್ಲ್ಯಾಶ್ ಕಡ್ಡಾಯವಾಗಿ ಆಫ್. ಅದು ನೂರು ಕಿ.ಮೀ. ಮೇಲಿನ ಬೆಳಕಿಗೆ ಏನೂ ಮಾಡದು, ಪಕ್ಕದಲ್ಲಿ ನಿಂತವರ ಕಣ್ಣನ್ನು ಮಾತ್ರ ಕುರುಡಾಗಿಸುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಕೆಂಪು ಬೆಳಕಿನ ಟಾರ್ಚ್ ಬಳಸಿ, ಫೋನಿನ ಪರದೆಯ ಬೆಳಕು ತಗ್ಗಿಸಿ. ದಿಗಂತದ ಮೇಲೆ ಬೂದು ಬೆಳಕು ಕಂಡು ಸಂಶಯ ಬಂದರೆ ಒಂದು ಫೋಟೊ ತೆಗೆದು ನೋಡಿ. ಫೋಟೊದಲ್ಲಿ ಕೆಂಪು, ಹಸಿರು ಬಂದರೆ ಅದು ಮೋಡವಲ್ಲ.

ಇದರ ಜೊತೆ ಬರುವ ಇತರ ಫಾರ್ವರ್ಡ್‌ಗಳು

"ಇವತ್ತು ರಾತ್ರಿ 12.30ರಿಂದ 3.30ರವರೆಗೆ ಫೋನ್ ಸ್ವಿಚ್ ಆಫ್ ಮಾಡಿ, ಕಾಸ್ಮಿಕ್ ಕಿರಣಗಳು ಬರುತ್ತಿವೆ, ನಾಸಾ ಹೇಳಿದೆ." ಸುಳ್ಳು. ವರ್ಷಗಳಿಂದ ದಿನಾಂಕವಿಲ್ಲದೆ ತಿರುಗುತ್ತಿದೆ. ಕಾಸ್ಮಿಕ್ ಕಿರಣಗಳು ಪ್ರತಿ ಕ್ಷಣ ಭೂಮಿಗೆ ಬರುತ್ತಲೇ ಇವೆ. ನಿಮ್ಮ ಫೋನ್ ಆನ್ ಇದ್ದರೂ ಆಫ್ ಇದ್ದರೂ ಅವಕ್ಕೆ ಒಂದೇ.

"ಸೌರ ಬಿರುಗಾಳಿಯಿಂದ ಏನೂ ಆಗುವುದಿಲ್ಲ." ಇದೂ ಸರಿಯಲ್ಲ. ಮನುಷ್ಯರ ಮೈಗೆ ನೆಲದ ಮೇಲೆ ತೊಂದರೆ ಇಲ್ಲ, ಯಂತ್ರಗಳಿಗೆ ಇದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆ ವಿದ್ಯುತ್ ಹೋಗಿದ್ದು ಇದರಿಂದಲೇ.

"ಗರ್ಭಿಣಿಯರು ನೋಡಬಾರದು." ಗ್ರಹಣದ ಹೆದರಿಕೆಯನ್ನು ಇಲ್ಲಿಗೂ ತಂದಿದ್ದಾರೆ. ಪ್ರಭೆಯ ಬೆಳಕು ಹುಣ್ಣಿಮೆಯ ಬೆಳಕಿನಷ್ಟೇ ನಿರಪಾಯ. ಗರ್ಭಿಣಿಯರು ಯೋಚಿಸಬೇಕಾದ್ದು ದೂರದ ವಿಮಾನ ಪ್ರಯಾಣ ಮತ್ತು ಚಳಿಯ ಬಗ್ಗೆ, ಅದಕ್ಕೆ ವೈದ್ಯರನ್ನು ಕೇಳಿದರೆ ಸಾಕು.

"ಕರ್ನಾಟಕದಲ್ಲೂ ಕಾಣುತ್ತದೆ." ಇಲ್ಲ. 2024ರ ಮೇ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಉತ್ತರ ದಿಗಂತದ ಕೆಂಪು ಬೆಳಕು ದಾಖಲಾಯಿತು. ಅದು ಕಾಂತ ಧ್ರುವದಿಂದ ನಾವಿರುವಷ್ಟು ದೂರವಿಲ್ಲ, ಅದೂ ಕ್ಯಾಮೆರಾಗೆ ಸಿಕ್ಕಿದ್ದು. ಬೆಂಗಳೂರಿನ ಆಕಾಶ ಕೆಂಪಾಗಿದ್ದರೆ ಊರಿನ ದೀಪಗಳನ್ನು ಮೊದಲು ಅನುಮಾನಿಸಿ.

ಫಾರ್ವರ್ಡ್ ಮಾಡುವ ಮೊದಲು

ಧ್ರುವಪ್ರಭೆಯ ಫೋಟೊ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ದಿನಾಂಕದ್ದು? ಯಾವ ಜಾಗದ್ದು? ಕಣ್ಣಿಗೂ ಹೀಗೇ ಕಂಡಿತ್ತಾ, ಕ್ಯಾಮೆರಾಗೆ ಮಾತ್ರವಾ? ಉತ್ತರವಿಲ್ಲದಿದ್ದರೆ ಚಿತ್ರವನ್ನು ಮೆಚ್ಚಿಕೊಳ್ಳಿ, ಕೆಳಗಿನ ಸಾಲನ್ನು ನಂಬಬೇಡಿ. "ಗ್ಯಾರಂಟಿ ಟೂರ್" ಎಂಬ ಫೋನ್ ನಂಬರ್ ಅದರ ಜೊತೆಗಿದ್ದರೆ ಖಂಡಿತ ಮುಂದಕ್ಕೆ ಕಳಿಸಬೇಡಿ.

ದೊಡ್ಡಮ್ಮನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: "ಹೋಗಿ ಬನ್ನಿ ದೊಡ್ಡಮ್ಮ. ಅಮಾವಾಸ್ಯೆಯ ವಾರ ನೋಡಿಕೊಂಡು ಹೋಗಿ, ಐದು ರಾತ್ರಿ ಇರಿ, ಊರಿಗೆ ಹತ್ತಿರದ ತೀರ ಹಿಡಿಯಿರಿ, ಬಂಡೆ ಹತ್ತಬೇಡಿ. ಕಂಡರೆ ಅದೃಷ್ಟ. ಕಾಣದಿದ್ದರೂ ಟ್ಯಾಸ್ಮೇನಿಯಾ ನೋಡಿದ ಹಾಗಾಯಿತು ಅಂದುಕೊಳ್ಳಿ. ಫೋಟೊದಲ್ಲಿ ಇದ್ದದ್ದೇ ಬೇಕು ಅಂದರೆ ಮಾತ್ರ ಹೋಗಬೇಡಿ, ಅದು ನಿಮ್ಮ ಫೋನಿನಲ್ಲಿ ಈಗಾಗಲೇ ಇದೆ."